ಸಮವಸ್ತ್ರ ತೊಟ್ಟ ಮೇಷ್ಟ್ರ ನಕ್ಷತ್ರಲೋಕ

‘ಕೃಷ್ಣವಿವರಗಳು’ ಜಿ.ಟಿ. ನಾರಾಯಣ ರಾವ್ (ಜಿಟಿಎನ್, 1926–2008) ಅವರ ಪುಸ್ತಕ. ಬ್ಲ್ಯಾಕ್ ಹೋಲ್‌ನಂಥ ಜಟಿಲ ವಿಷಯವನ್ನು ಸಾಮಾನ್ಯ ಓದುಗರಿಗೆ ಕನ್ನಡದಲ್ಲೇ ತಿಳಿಸಲೆಂದು ಬರೆದದ್ದು.

ಮಡಿಕೇರಿಯಲ್ಲಿ ಹುಟ್ಟಿದ ಜಿಟಿಎನ್ ಗಣಿತದ ಮೇಷ್ಟ್ರು. ಎನ್‌ಸಿಸಿ ಅಧಿಕಾರಿಯೂ ಆಗಿದ್ದರು. ಆ ಅನುಭವವೇ ‘ಎನ್‌ಸಿಸಿ ದಿನಗಳು’ ಎಂಬ ಪುಸ್ತಕವಾಯಿತು. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶಕ್ಕೆ ಬಂದು ವಿಜ್ಞಾನ ವಿಭಾಗದ ಸಂಪಾದಕರಾದರು. ಕನ್ನಡದಲ್ಲಿ ವಿಜ್ಞಾನ ಬರೆಯುವುದು ಬೆಳ್ಳಾವೆ ವೆಂಕಟನಾರಣಪ್ಪ, ಶಿವರಾಮ ಕಾರಂತರು ಮೊದಲೇ ಸವೆಸಿದ ಹಾದಿ.

ಪುಸ್ತಕದ ಹೆಸರನ್ನು ಇನ್ನೊಮ್ಮೆ ಓದಿ. ‘ವಿವರ’ ಎಂದರೆ ಇಲ್ಲಿ ಮಾಹಿತಿಯಲ್ಲ. ಸಂಸ್ಕೃತದಲ್ಲಿ ಅದಕ್ಕೆ ಬಿಲ, ರಂಧ್ರ ಎಂಬ ಅರ್ಥವಿದೆ. ಕೃಷ್ಣ ಎಂದರೆ ಕಪ್ಪು. ಬೆಳಕೂ ಹೊರಬರಲಾಗದ ಆ ಕರಿ ಬಿಲಕ್ಕೆ ಇದಕ್ಕಿಂತ ಒಪ್ಪುವ ಹೆಸರು ಸಿಗುವುದು ಕಷ್ಟ.