ವಿದ್ಯಾರ್ಥಿಯ ಕೊಠಡಿ: ದಕ್ಷಿಣ ಬೆಂಗಳೂರಿನ ವಿದ್ಯಾಚರಿತ್ರೆಯ ಒಂದು ಉಪೇಕ್ಷಿತ ಅಧ್ಯಾಯ

ವಿದ್ಯಾಭ್ಯಾಸದ ಚರಿತ್ರೆಯನ್ನು ಬರೆಯುವವರು ಶಾಲೆ ಕಾಲೇಜುಗಳ ಸ್ಥಾಪನೆ, ಪಠ್ಯಕ್ರಮ, ಸರ್ಕಾರದ ಆಜ್ಞೆ, ಪರೀಕ್ಷೆಯ ಫಲಿತಾಂಶ ಇವುಗಳನ್ನೇ ಆಧಾರವಾಗಿಟ್ಟುಕೊಳ್ಳುವುದು ವಾಡಿಕೆ. ಪಾಠ ಮುಗಿದ ಮೇಲೆ ವಿದ್ಯಾರ್ಥಿ ಎಲ್ಲಿಗೆ ಹೋದನು, ಪುಸ್ತಕವನ್ನು ಎಲ್ಲಿ ಇಟ್ಟನು, ಯಾವ ಬೆಳಕಿನಲ್ಲಿ ಓದಿದನು, ಒಗೆದ ಪಂಚೆಯನ್ನು ಯಾವ ಗೂಟಕ್ಕೆ ತಗುಲಿಹಾಕಿದನು ಎಂಬ ಪ್ರಶ್ನೆಗಳನ್ನು ಅವರು ಕ್ಷುಲ್ಲಕವೆಂದು ಬಿಟ್ಟಿದ್ದಾರೆ. ಅವು ಕ್ಷುಲ್ಲಕವೆಂದು ನಮಗೆ ತೋರುವುದಿಲ್ಲ. ಕೊಠಡಿಯನ್ನು ಅಂದವಾಗಿ, ಅಚ್ಚುಕಟ್ಟಾಗಿ ಇಟ್ಟುಕೊಳ್ಳುವುದು ಮೇಲ್ನೋಟಕ್ಕೆ ಅಭಿರುಚಿಯ ಮಾತು. ಆದರೆ ಅಭಿರುಚಿಗೆ ಮೊದಲು ಇನ್ನೊಂದು ಬೇಕು: ಬೆಳಿಗ್ಗೆ ಇಟ್ಟ ವಸ್ತು ಸಂಜೆಯೂ ಇಟ್ಟಲ್ಲಿಯೇ ಇರುವುದೆಂಬ ಭರವಸೆ. ಈ ಭರವಸೆ ಯಾರಿಗೆ ಯಾವಾಗ ದೊರೆಯಿತೆಂಬುದೇ ಪ್ರಕೃತ ಲೇಖನದ ವಿಷಯ.

ಮೊದಲು, ಕೊಠಡಿಯೇ ಇಲ್ಲದಿದ್ದ ಕಾಲವನ್ನು ನೋಡೋಣ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹಳ್ಳಿಯಿಂದ ಬೆಂಗಳೂರಿಗೆ ಓದಲು ಬಂದ ಬಡ ಹುಡುಗನಿಗೆ ಊಟ ಒಂದು ಕಡೆ, ಮಲಗುವುದು ಇನ್ನೊಂದು ಕಡೆ. ಸರ್ ಎಂ. ವಿಶ್ವೇಶ್ವರಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಕೊಡವ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳಿ ಆ ಮನೆಯಲ್ಲಿ ಮಲಗುವ ಅನುಕೂಲ ಪಡೆದರು. ಊಟಕ್ಕೆ ಸೋದರಮಾವನ ಮನೆಗೆ ನಡೆದುಹೋಗುತ್ತಿದ್ದರು. ಅವರು 1881ರಲ್ಲಿ ಬಿ.ಎ. ಮುಗಿಸಿದ್ದು ಹೀಗೆ. ವಾರಾನ್ನದ ಹುಡುಗರ ಪಾಡು ಇದಕ್ಕಿಂತಲೂ ಕಷ್ಟದ್ದು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಒಂದು ವಾರ ತಪ್ಪಿದರೆ ಆ ದಿನ ಉಪವಾಸ. ಅಂಥವನ ಆಸ್ತಿಯೆಂದರೆ ಒಂದು ಚಾಪೆ, ಒಂದು ಜಮಖಾನ, ಒಂದು ತಗಡಿನ ಟ್ರಂಕು. ಅದನ್ನು ಯಾವುದೋ ಜಗಲಿಯ ಮೂಲೆಯಲ್ಲಿಯೋ ದೇವಸ್ಥಾನದ ಪ್ರಾಕಾರದಲ್ಲಿಯೋ ಇರಿಸಿ ಬೀಗ ಹಾಕುತ್ತಿದ್ದನು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದಿತು. ಆದರೆ ಬೀದಿಯ ದೀಪ ಮನೆಯೊಳಗಿನ ಜಗಲಿಗೆ ಬರಲು ಬಹಳ ಕಾಲ ಹಿಡಿಯಿತು. ಅಷ್ಟರವರೆಗೆ ಹುಡುಗನೇ ಪುಸ್ತಕ ಹಿಡಿದು ಬೀದಿಗೆ ಹೋಗುತ್ತಿದ್ದನು.

ಇಲ್ಲಿ ಒಂದು ಮಾತನ್ನು ಮರೆಯಬಾರದು. ವಾರಾನ್ನದ ಕಷ್ಟವನ್ನು ನಮ್ಮ ಆತ್ಮಕಥೆಗಳು ಮನಮುಟ್ಟುವಂತೆ ವರ್ಣಿಸಿವೆ. ಮೈಸೂರಿನ ಅಂಥ ಅನುಭವವನ್ನು ಎಸ್. ಎಲ್. ಭೈರಪ್ಪನವರ ‘ಭಿತ್ತಿ’ಯಲ್ಲಿ ಕಾಣಬಹುದು. ಆದರೆ ಆ ಕಷ್ಟವನ್ನು ಪಡುವುದಕ್ಕೂ ಒಂದು ಅರ್ಹತೆ ಬೇಕಾಗಿತ್ತು. ಒಳಗೆ ಕರೆದು ಎಲೆ ಹಾಕುವ ಮನೆಗಳ ಬಾಗಿಲು ಎಲ್ಲ ಜಾತಿಯ ಹುಡುಗರಿಗೂ ತೆರೆದಿರಲಿಲ್ಲ. ಒಕ್ಕಲಿಗರ, ವೀರಶೈವರ, ಹಿಂದುಳಿದವರ, ಅಸ್ಪೃಶ್ಯರೆನಿಸಿಕೊಂಡಿದ್ದವರ ಮಕ್ಕಳು ಪಟ್ಟಣದಲ್ಲಿ ಓದಬೇಕಾದರೆ ಮೊದಲು ತಲೆಯ ಮೇಲೊಂದು ಸೂರು ಬೇಕಾಗಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹುಟ್ಟಿದ ಸಂಘಗಳು ಕಾಲೇಜಿನಷ್ಟೇ ಆಸಕ್ತಿಯನ್ನು ವಿದ್ಯಾರ್ಥಿನಿಲಯದಲ್ಲಿ ತೋರಿದ್ದಕ್ಕೆ ಕಾರಣ ಇದೇ. 1906ರಲ್ಲಿ ಸ್ಥಾಪಿತವಾದ ಒಕ್ಕಲಿಗರ ಸಂಘವೂ, ಆನಂದರಾವ್ ವೃತ್ತದ ಬಳಿಯ ಗೋಪಾಲಸ್ವಾಮಿ ಅಯ್ಯರ್ ವಿದ್ಯಾರ್ಥಿನಿಲಯವೂ ಈ ಚರಿತ್ರೆಯ ಮುಖ್ಯ ಪುಟಗಳು. ಹೆಣ್ಣುಮಕ್ಕಳ ಸರದಿ ಇನ್ನೂ ತಡವಾಗಿ ಬಂದಿತು. ಬಂಧುಗಳ ಮನೆಯಿದ್ದರೆ ಮಾತ್ರ ಮಗಳನ್ನು ಓದಲು ಕಳುಹಿಸುವ ರೂಢಿ ಬಹುಕಾಲ ನಡೆಯಿತು. ಅಲ್ಲಿ ಅವಳ ಕೊಠಡಿಯೆಂದರೆ ಅತ್ತೆಯ ಮನೆಯ ಅಡುಗೆಮನೆಗೆ ಹೊಂದಿದ ನಡುಮನೆ.

ನಿಲಯ ಬಂದ ಮೇಲೆ ವಿದ್ಯಾರ್ಥಿಗೆ ಮೊದಲ ಬಾರಿಗೆ ಗೋಡೆಯೊಂದು ದೊರೆಯಿತೆಂದು ಹೇಳಬೇಕು. ಆದರೆ ಗೋಡೆ ನಿಲಯದ್ದು, ಅವನದಲ್ಲ. ಹಳೆಯ ಮನೆಗಳ ದಪ್ಪ ಗೋಡೆಯಲ್ಲಿ ದೀಪವಿಡುವ ಗೂಡುಗಳಿರುತ್ತಿದ್ದುವು. ಒಂದು ಗೂಡು ಒಬ್ಬನದು, ಅದರಲ್ಲಿ ಅವನ ಶಾಯಿಬುಡ್ಡಿ, ಬಾಚಣಿಗೆ, ಹಲ್ಲುಪುಡಿ. ತರುವಾಯ ಕಟ್ಟಿದ ಕಟ್ಟಡಗಳಲ್ಲಿ ಗೂಡಿನ ಸ್ಥಾನಕ್ಕೆ ಕಡಪಾ ಕಲ್ಲಿನ ಹಲಗೆ ಬಂದಿತು. ಬೆಂಗಳೂರಿನ ವಿದ್ಯಾರ್ಥಿಜೀವನಕ್ಕೆ ಈ ಕರಿಯ ಕಲ್ಲು ಮಾಡಿರುವ ಉಪಕಾರ ಸಾಮಾನ್ಯವಲ್ಲ. ಅದಕ್ಕೆ ಗೆದ್ದಲು ಹತ್ತದು, ಪುಸ್ತಕದ ಭಾರಕ್ಕೆ ಅದು ಬಾಗದು. ಮೇಲೆ ಹಳೆಯ ವೃತ್ತಪತ್ರಿಕೆ ಹಾಸಿದರೆ ಸಾಕು, ಅಲಮಾರು ಸಿದ್ಧ. ಮೊಳೆ ಹೊಡೆಯಲು ಮಾತ್ರ ಸಾಮಾನ್ಯವಾಗಿ ನಿಲಯಪಾಲಕರ ಅಪ್ಪಣೆ ಬೇಕು. ಹೀಗಾಗಿ ಹುಡುಗರು ತಮಗೆ ಪ್ರಿಯವಾದ ಚಿತ್ರಗಳನ್ನು ಟ್ರಂಕಿನ ಮುಚ್ಚಳದ ಒಳಮೈಗೆ ಅಂಟಿಸಿಕೊಂಡರು: ಕ್ಯಾಲೆಂಡರಿನಿಂದ ಕತ್ತರಿಸಿದ ದೇವರು, ಗಾಂಧೀಜಿ, ಅನಂತರದ ದಿನಗಳಲ್ಲಿ ರಾಜಕುಮಾರ್. ಮುಚ್ಚಳ ತೆರೆದಾಗ ಮಾತ್ರ ಕಾಣುವ ಈ ಗೋಡೆಯೇ ವಿದ್ಯಾರ್ಥಿಗೆ ನಿಜವಾಗಿ ಸ್ವಂತವಾಗಿದ್ದ ಗೋಡೆ.

1898ರ ಪ್ಲೇಗಿನ ಹಾವಳಿಯ ಸಮಯದಲ್ಲಿ ರೂಪುಗೊಂಡ ಬಸವನಗುಡಿ ಕ್ರಮೇಣ ದಕ್ಷಿಣ ಬೆಂಗಳೂರಿನ ವಿದ್ಯಾಕ್ಷೇತ್ರವಾಯಿತು. 1917ರಲ್ಲಿ ನ್ಯಾಷನಲ್ ಹೈಸ್ಕೂಲು, 1945ರಲ್ಲಿ ನ್ಯಾಷನಲ್ ಕಾಲೇಜು, 1946ರಲ್ಲಿ ಬಿ. ಎಂ. ಶ್ರೀನಿವಾಸಯ್ಯನವರ ಇಂಜಿನಿಯರಿಂಗ್ ಕಾಲೇಜು ಇಲ್ಲಿ ತಲೆಯೆತ್ತಿದುವು. ಆ ಹೈಸ್ಕೂಲಿಗೆ ಸೇರಲು 1935ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಒಬ್ಬ ಬಡ ಹುಡುಗ ಕಾಲ್ನಡಿಗೆಯಲ್ಲಿ ಬಂದನು. ಅವರೇ ಮುಂದೆ ಡಾ. ಎಚ್. ನರಸಿಂಹಯ್ಯನವರು. 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಅಮೆರಿಕದ ಓಹಾಯೊ ರಾಜ್ಯ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದು ಹಿಂದಿರುಗಿ ಪ್ರಿನ್ಸಿಪಾಲರಾದರು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ಇಷ್ಟಾದರೂ ಅವರ ವಾಸ ಆ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೊಠಡಿಯಲ್ಲಿಯೇ. 2005ರ ಜನವರಿ 31ರಂದು ಅವರು ತೀರಿಕೊಳ್ಳುವವರೆಗೆ, ಐದು ದಶಕಗಳಿಗೂ ಮೀರಿ, ಇದು ಹೀಗೆಯೇ ನಡೆಯಿತು. ಅವರ ಸರಳತೆಯನ್ನು ಹೊಗಳಿ ಮುಗಿಸುವುದು ಸುಲಭ. ನಮಗೆ ಗಮನಾರ್ಹವಾಗಿ ತೋರುವುದು ಬೇರೊಂದು ಸಂಗತಿ. ಇತರ ಹುಡುಗರು ಮೂರು ವರ್ಷ ಇದ್ದು ಬಿಟ್ಟುಹೋಗುತ್ತಿದ್ದ ಅದೇ ಅಳತೆಯ ಜಾಗ ಅವರಿಗೆ ಮನೆಯಾಯಿತು. ಅದನ್ನು ಮನೆಯಾಗಿಸಿದ್ದು ಪೀಠೋಪಕರಣವಲ್ಲ. ಯಾರೂ ತಮ್ಮನ್ನು ಅಲ್ಲಿಂದ ಎಬ್ಬಿಸಲಾರರೆಂಬ ನಿಶ್ಚಯ. ಬಡತನದಿಂದ ಬರಿದಾದ ಕೊಠಡಿಯೂ ಇಚ್ಛೆಯಿಂದ ಬರಿದಾಗಿಟ್ಟ ಕೊಠಡಿಯೂ ನೋಡಲು ಒಂದೇ. ಚರಿತ್ರೆಕಾರನು ಎರಡನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಬಾರದು.

1948ರಲ್ಲಿ ಚಕ್ರವರ್ತಿ ರಾಜಗೋಪಾಲಾಚಾರಿಯವರು ಜಯನಗರಕ್ಕೆ ಅಸ್ತಿಭಾರವಿಟ್ಟರು. ಬಡಾವಣೆ ಬೆಳೆದಂತೆ, 1965ರಲ್ಲಿ ಅಲ್ಲಿಯೂ ನ್ಯಾಷನಲ್ ಕಾಲೇಜು ಆರಂಭವಾಯಿತು. ಮನೆ ಕಟ್ಟಿದ ಮಧ್ಯಮವರ್ಗದ ಗೃಹಸ್ಥರು ಸಾಲ ತೀರಿಸಲೋಸುಗ ಮಾಳಿಗೆಯ ಮೇಲೊಂದು, ಹಿತ್ತಿಲಲ್ಲೊಂದು ಕೊಠಡಿ ಹಾಕಿ ಬಾಡಿಗೆಗೆ ಕೊಟ್ಟರು. ನೆಲಕ್ಕೆ ಕೆಂಪು ಗಾರೆ, ಮೇಲೆ ಕಲ್ನಾರಿನ ಶೀಟು, ಬೇಸಗೆಯಲ್ಲಿ ಕಾವಲಿ. ಆದರೂ ಬೀಗದ ಕೈ ವಿದ್ಯಾರ್ಥಿಯ ಜೇಬಿನಲ್ಲಿ. ಅಲ್ಲಿ ಅವನು ಮಡಿಸುವ ಮಂಚ ಕೊಂಡನು, ಸೀಮೆಎಣ್ಣೆಯ ಸ್ಟವ್ ಇಟ್ಟನು, ಕಿಟಕಿಗೆ ತಾಯಿಯ ಹಳೆಯ ಸೀರೆಯನ್ನು ಪರದೆ ಮಾಡಿದನು, ಮಣ್ಣಿನ ಹೂಜಿಯನ್ನು ನೆರಳಿನ ಮೂಲೆಗೆ ಸರಿಸಿದನು. ಮೊಳೆಗೂ ಅಪ್ಪಣೆ ದೊರೆಯಿತು. ಮನೆಯೊಡತಿ ಸುತ್ತಿಗೆಯನ್ನೂ ಎರವಲು ಕೊಟ್ಟ ಉದಾಹರಣೆಗಳುಂಟು. ನೆಮ್ಮದಿಯ ವಿದ್ಯಾರ್ಥಿಕೊಠಡಿಯೆಂಬುದು ದಕ್ಷಿಣ ಬೆಂಗಳೂರಿನಲ್ಲಿ ಎಂದಾದರೂ ಸಾಮಾನ್ಯರಿಗೆ ಎಟುಕಿದ್ದರೆ ಅದು ಈ ಮಾಳಿಗೆಯ ಕೊಠಡಿಯೇ ಎಂದು ನಮ್ಮ ಅಭಿಪ್ರಾಯ. ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಫಲಕದ ಹಿಂದೆ ಯಾರು ಯಾರನ್ನು ಹೊರಗಿಟ್ಟರೆಂಬುದನ್ನೂ ಜೊತೆಯಲ್ಲಿಯೇ ಬರೆದಿಡಬೇಕು. ಜಗಲಿಯ ಕಾಲದ ಪ್ರಶ್ನೆ ಮಾಳಿಗೆಯವರೆಗೂ ಏರಿ ಬಂದಿತ್ತು.

ಇನ್ನು ಈಚಿನ ಸ್ಥಿತಿ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಹೆಸರನ್ನು ಸಂಕ್ಷೇಪಿಸಿಕೊಂಡ ಬಿ.ಟಿ.ಎಂ. ಬಡಾವಣೆಯಲ್ಲಿ ಬೀದಿಬೀದಿಗೂ ಪಿ.ಜಿ. ಎಂಬ ವಸತಿಗೃಹಗಳಿವೆ. ಇಲ್ಲಿ ಬಾಡಿಗೆಗೆ ದೊರೆಯುವುದು ಕೊಠಡಿಯಲ್ಲ, ಮಂಚ. ಇಬ್ಬರ, ಮೂವರ, ನಾಲ್ವರ ಕೊಠಡಿಯಲ್ಲಿ ಒಂದು ಮಂಚಕ್ಕೆ ಇಷ್ಟೆಂದು ತಿಂಗಳ ದರ. ಊಟವಿದೆ, ಬಿಸಿನೀರಿದೆ, ದೀಪವಿದೆ; ವಾರಾನ್ನದ ಹುಡುಗನು ಕೇಳಿದ್ದೆಲ್ಲವೂ ಇದೆ. ವಿದ್ಯಾರ್ಥಿನಿಯರಿಗೂ ಸಮಾನವಾಗಿ ಇದೆ. ಇದು ಸಣ್ಣ ಮಾತಲ್ಲ. ಆದರೆ ಪಕ್ಕದ ಮಂಚಕ್ಕೆ ಬರುವವರು ಯಾರೆಂಬುದು ಗೊತ್ತಿಲ್ಲ, ಎಷ್ಟು ತಿಂಗಳ ವಾಸವೆಂಬುದು ಗೊತ್ತಿಲ್ಲ. ಆದುದರಿಂದ ಮಂಚದ ಅಡಿಗೆ ಚಕ್ರದ ಸೂಟ್‌ಕೇಸು ಸದಾ ಕಟ್ಟಿದಂತೆಯೇ ಇರುತ್ತದೆ. ಟ್ರಂಕು ಈ ರೂಪದಲ್ಲಿ ಹಿಂದಿರುಗಿದೆ. ಗೋಡೆಗೆ ಮೊಳೆ ಹೊಡೆದರೆ ಮುಂಗಡದಲ್ಲಿ ಹಣ ಮುರಿದುಕೊಳ್ಳುವುದುಂಟು. ಹುಡುಗಿಯರು ಅಂಟುಪಟ್ಟಿಯ ಕೊಕ್ಕೆಗಳಿಂದ ಸಣ್ಣ ದೀಪಗಳ ಸರವನ್ನು ಮಂಚದ ತಲೆದಿಸೆಗೆ ಇಳಿಬಿಡುತ್ತಾರೆ, ಗಾಜಿನ ಸೀಸೆಯಲ್ಲಿ ಮನಿಪ್ಲಾಂಟ್ ಬಳ್ಳಿ ಇಡುತ್ತಾರೆ. ಕೊಠಡಿ ಬಿಡುವ ದಿನ ಇವೆಲ್ಲವೂ ಗುರುತು ಉಳಿಸದೆ ಬಿಚ್ಚಿ ಬರುವಂಥವು.

ಇವುಗಳ ಚರಿತ್ರೆಗೆ ಆಕರಗಳು ಅಲ್ಪ. ಹಳೆಯ ನಿಲಯಗಳ ಸಾಮಾನು ಪಟ್ಟಿ, ದಂಡದ ಪುಸ್ತಕ, ತಂದೆಗೆ ಹಣ ಕೇಳಿ ಬರೆದ ಕಾಗದ ಇಂಥವು ಗುಜರಿಗೆ ಹೋಗುವ ಮೊದಲು ನಕಲು ಮಾಡಿಕೊಳ್ಳಬೇಕಾಗಿದೆ. ನಮ್ಮ ವಿದ್ಯಾರ್ಥಿಗಳು ತಾವಿರುವ ಕೊಠಡಿಯ ಅಳತೆ ತೆಗೆದು, ಯಾವ ವಸ್ತು ಎಲ್ಲಿದೆಯೆಂದು ಒಂದು ಹಾಳೆಯಲ್ಲಿ ಬರೆದಿಟ್ಟರೂ ಸಾಕು. ಆಗ ಉಕ್ಕಿನ ಬೀರುವಿನ ಬಾಗಿಲ ಒಳಮೈಯನ್ನೂ ತೆರೆದು ನೋಡುವುದು ಒಳ್ಳೆಯದು. ಮನೆಯವರ ಭಾವಚಿತ್ರಗಳು ಈಗ ಹೆಚ್ಚಾಗಿ ಇರುವುದು ಅಲ್ಲಿಯೇ.