ಟೆಕ್ಸಸ್‌ನ ಗ್ರಾಮೀಣ ಕೌಂಟಿಗಳಲ್ಲಿ ಅಪರಾಧ ದಾಖಲೆಗಳು

ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ 254 ಕೌಂಟಿಗಳಿವೆ. ಕ್ರಿಮಿನಲ್ ಮೊಕದ್ದಮೆಗಳ ಕಡತಗಳು ಸಾಮಾನ್ಯವಾಗಿ ಸಾರ್ವಜನಿಕ ದಾಖಲೆಗಳಾಗಿದ್ದು, ವಿಚಾರಣೆ ನಡೆದ ಕೌಂಟಿಯಲ್ಲೇ ಇರುತ್ತವೆ. ಘೋರ ಅಪರಾಧಗಳ ಕಡತಗಳನ್ನು ಡಿಸ್ಟ್ರಿಕ್ಟ್ ಕ್ಲರ್ಕ್, ಎ ಮತ್ತು ಬಿ ದರ್ಜೆಯ ಲಘು ಅಪರಾಧಗಳ ಕಡತಗಳನ್ನು ಬಹುಮಟ್ಟಿಗೆ ಕೌಂಟಿ ಕ್ಲರ್ಕ್ ಕಾಪಾಡುತ್ತಾರೆ. ದಂಡವಷ್ಟೇ ಇರುವ ಸಿ ದರ್ಜೆಯ ಪ್ರಕರಣಗಳು ಜಸ್ಟೀಸ್ ಆಫ್ ದಿ ಪೀಸ್ ಅಥವಾ ನಗರ ನ್ಯಾಯಾಲಯಕ್ಕೆ ಸೇರುತ್ತವೆ.

ಜನಸಂಖ್ಯೆ 8,000ಕ್ಕಿಂತ ಕಡಿಮೆಯಿರುವ ಕೌಂಟಿಗಳಲ್ಲಿ ಒಬ್ಬರೇ ಕ್ಲರ್ಕ್ ಎರಡೂ ಹೊಣೆ ಹೊರಲು ರಾಜ್ಯ ಸಂವಿಧಾನದಲ್ಲಿ ಅವಕಾಶವಿದೆ. 2020ರ ಜನಗಣತಿಯಲ್ಲಿ 64 ಜನರಷ್ಟೇ ಇದ್ದ ಲವಿಂಗ್ ಕೌಂಟಿ ಇಂಥ ಪುಟ್ಟ ಘಟಕಗಳಲ್ಲೊಂದು. ಅದರ ಆಡಳಿತ ಕೇಂದ್ರ ಮೆಂಟೋನ್.

ಹುಡುಕಾಟ: ವ್ಯಕ್ತಿಯ ಹೆಸರು, ಜನ್ಮದಿನಾಂಕ ಅಥವಾ ಮೊಕದ್ದಮೆಯ ಸಂಖ್ಯೆ ನೀಡಿ ಕ್ಲರ್ಕ್ ಕಚೇರಿಯಲ್ಲಿ ವಿಚಾರಿಸಬಹುದು, ಪ್ರತಿಗಳಿಗೆ ಶುಲ್ಕವುಂಟು. ರಾಜ್ಯದ ಸಾರ್ವಜನಿಕ ಸುರಕ್ಷತಾ ಇಲಾಖೆಯ ಗಣಕೀಕೃತ ಅಪರಾಧ ಇತಿಹಾಸದಲ್ಲಿ ಇಡೀ ರಾಜ್ಯದ ಶಿಕ್ಷೆಗಳ ವಿವರ ಹಣ ತೆತ್ತು ನೋಡಬಹುದು. ಕೌಂಟಿಗಳು ವರದಿ ಮಾಡಿದ್ದಷ್ಟೇ ಅಲ್ಲಿರುವುದರಿಂದ ಮೂಲ ಕಡತದೊಂದಿಗೆ ತಾಳೆ ನೋಡುವುದು ಅಗತ್ಯ.

ಮಿತಿಗಳು: ಬಾಲಾಪರಾಧಿಗಳ ದಾಖಲೆಗಳು ಗೋಪ್ಯ. ನ್ಯಾಯಾಲಯದ ಆದೇಶದಿಂದ ಅಳಿಸಿದ ಅಥವಾ ಬಹಿರಂಗಪಡಿಸದಂತೆ ತಡೆದ ದಾಖಲೆಗಳು ಸಾರ್ವಜನಿಕರಿಗೆ ಸಿಗವು. ಫೆಡರಲ್ ಮೊಕದ್ದಮೆಗಳನ್ನು ಪೇಸರ್ ಎಂಬ ಪ್ರತ್ಯೇಕ ವ್ಯವಸ್ಥೆಯಲ್ಲಿ ಹುಡುಕಬೇಕು.