ಮಂಗಟ್ಟೆ ಹಕ್ಕಿಯ ಗೂಡುಮರ: ಕರಿಕೆ ಭಾಗದ ತೋಟಗಳಲ್ಲಿ ಸಂರಕ್ಷಣಾ ಕ್ರಮಗಳು

ಭಾಗಮಂಡಲದಿಂದ ಕೇರಳದ ಪಾಣತ್ತೂರಿನ ಕಡೆಗೆ ಇಳಿಯುವ ಹಾದಿಯಲ್ಲಿರುವ ಕರಿಕೆಯಲ್ಲಿ ಅಡಿಕೆ, ರಬ್ಬರ್ ಮತ್ತು ಕಾಳುಮೆಣಸಿನ ತೋಟಗಳು ಕಾಡಿನ ಅಂಚಿಗೇ ತಾಗಿವೆ. ಸಮೀಪದ ತಲಕಾವೇರಿ ವನ್ಯಜೀವಿಧಾಮವು 1987ರಲ್ಲಿ ಘೋಷಿತವಾಗಿದ್ದು, ಸುಮಾರು 105 ಚದರ ಕಿ.ಮೀ. ವಿಸ್ತೀರ್ಣ ಹೊಂದಿದೆ. 2012ರಲ್ಲಿ ಅದು ಪಶ್ಚಿಮ ಘಟ್ಟಗಳ ಇತರ ತಾಣಗಳೊಂದಿಗೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆದರೆ ಮಂಗಟ್ಟೆ ಹಕ್ಕಿಯು ಧಾಮದ ಗಡಿಯನ್ನು ಅರಿಯದು. ತೋಟದ ಬದಿಯಲ್ಲಿ ಅದು ಆಶ್ರಯಿಸುವ ಹಳೆಯ ಮರ ಉಳಿಯಬೇಕೇ ಬೇಡವೇ ಎಂಬುದು ಬಹುಮಟ್ಟಿಗೆ ರೈತರ ನಿರ್ಧಾರವನ್ನೇ ಅವಲಂಬಿಸಿದೆ.

ಹಕ್ಕಿಯ ಪರಿಚಯ

ಸುಮಾರು ಒಂದು ಮೀಟರ್ ಉದ್ದದ ದೊಡ್ಡ ಮಂಗಟ್ಟೆಯ ಹಳದಿ ಕೊಕ್ಕಿನ ಮೇಲೆ ಶಿರಸ್ತ್ರಾಣದಂತಹ ಉಬ್ಬು ಇರುತ್ತದೆ. ಹಾರುವಾಗ ಅದರ ರೆಕ್ಕೆಯ ಸದ್ದು ದೂರದವರೆಗೆ ಕೇಳಿಸುತ್ತದೆ. ಪಶ್ಚಿಮ ಘಟ್ಟಗಳಿಗೆ ಮಾತ್ರ ಸೀಮಿತವಾದ ಬೂದು ಮಂಗಟ್ಟೆಯು ಇದಕ್ಕಿಂತ ಚಿಕ್ಕದು; ಅದಕ್ಕೆ ಈ ಉಬ್ಬಿಲ್ಲ. ಎರಡೂ ಪ್ರಭೇದಗಳನ್ನು ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಪಾಯಕ್ಕೊಳಗಾದವು ಎಂದು ಗುರುತಿಸಲಾಗಿದೆ.

ಗೂಡುಮರದ ಮಹತ್ವ

ಮಂಗಟ್ಟೆಯು ಮರಕುಟಿಗದಂತೆ ಮರವನ್ನು ಕೊರೆಯಲಾರದು. ದೊಡ್ಡ ಮರಗಳಲ್ಲಿ ತಾನಾಗಿ ಉಂಟಾದ ಪೊಟರೆಯೇ ಅದಕ್ಕೆ ಬೇಕು. ಹೆಣ್ಣು ಹಕ್ಕಿಯು ಒಳಸೇರಿ, ಸಣ್ಣ ಸೀಳೊಂದನ್ನು ಬಿಟ್ಟು ಬಾಗಿಲನ್ನು ಮುಚ್ಚಿಕೊಳ್ಳುತ್ತದೆ. ವಾರಗಟ್ಟಲೆ ಗಂಡು ತರುವುದೇ ತಾಯಿ ಮತ್ತು ಮರಿಯ ಆಹಾರ. ಈ ಅವಧಿಯಲ್ಲಿ ಗಂಡು ಸತ್ತರೆ ಅಥವಾ ಬೆದರಿ ದೂರವಾದರೆ ಇಡೀ ಸಂಸಾರವೇ ಅಪಾಯಕ್ಕೆ ಸಿಲುಕುತ್ತದೆ. ಅದೇ ಪೊಟರೆಯನ್ನು ಹಕ್ಕಿಗಳು ಅನೇಕ ವರ್ಷ ಬಳಸುವುದುಂಟು. ಆದುದರಿಂದ ನಿರುಪಯುಕ್ತವೆಂದು ಕಡಿದ ಒಂದು ಟೊಳ್ಳುಮರದ ನಷ್ಟವನ್ನು ನೂರು ಸಸಿಗಳು ಕೂಡ ನಮ್ಮ ಕಾಲದಲ್ಲಿ ತುಂಬಲಾರವು. ಇದಕ್ಕೆ ಪ್ರತಿಯಾಗಿ ಹಕ್ಕಿಯು ಕಾಡುಮರಗಳ ಬೀಜಗಳನ್ನು ದೂರದೂರಕ್ಕೆ ಒಯ್ದು ಹರಡುತ್ತದೆ.

ಕಾನೂನು ಮತ್ತು ರೈತರ ಆತಂಕ

ಅಪರೂಪದ ಹಕ್ಕಿ ಇದೆಯೆಂದು ತಿಳಿಸಿದರೆ ಜಮೀನು ಕೈತಪ್ಪೀತೆಂಬ ಭಯ ಅನೇಕರಲ್ಲಿದೆ. 2011ರ ಗಾಡ್ಗೀಳ್ ವರದಿ ಮತ್ತು 2013ರ ಕಸ್ತೂರಿರಂಗನ್ ವರದಿಗಳ ನಂತರ ಈ ಭಯ ಹೆಚ್ಚಿತು. ಪರಿಸರ ಸೂಕ್ಷ್ಮ ಪ್ರದೇಶದ ಆರನೆಯ ಕರಡು ಅಧಿಸೂಚನೆಯು 2024ರ ಜುಲೈ 31ರಂದು ಹೊರಬಿದ್ದು, ಕರ್ನಾಟಕದ 20,668 ಚದರ ಕಿ.ಮೀ. ಪ್ರದೇಶವನ್ನು ಒಳಗೊಂಡಿತ್ತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟವು ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಸ್ಥಳೀಯರ ಮಾತಿಗೆ ಬೆಲೆ ಸಿಗಬೇಕೆಂಬ ಬೇಡಿಕೆ ನ್ಯಾಯವಾದದ್ದೇ. ಆದರೆ ಕರಡಿನ ನಿಷೇಧಗಳು ಗಣಿಗಾರಿಕೆ, ಕಲ್ಲುಕ್ವಾರಿ, ಮರಳುಗಾರಿಕೆ, ಕೆಂಪು ವರ್ಗದ ಉದ್ಯಮ ಮತ್ತು ಬೃಹತ್ ಕಟ್ಟಡಗಳನ್ನು ಕುರಿತವು. ವಾಡಿಕೆಯ ಬೇಸಾಯವು ಆ ಪಟ್ಟಿಯಲ್ಲಿಲ್ಲ. ಗೂಡು ಇದ್ದ ಮಾತ್ರಕ್ಕೆ ಜಮೀನಿನ ಒಡೆತನ ಬದಲಾಗುವುದಿಲ್ಲ. ಆದರೆ ಹಕ್ಕಿಯನ್ನು ಬೇಟೆಯಾಡುವುದು, ಮೊಟ್ಟೆ ಅಥವಾ ಗೂಡಿಗೆ ಹಾನಿ ಮಾಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅಪರಾಧ.

ಅನುಸರಿಸಬೇಕಾದ ಕ್ರಮಗಳು

- ತೋಟ ಮತ್ತು ಬಾಣೆಯಲ್ಲಿರುವ ಪೊಟರೆಯುಳ್ಳ ದೊಡ್ಡ ಮರಗಳನ್ನು ಗುರುತಿಸಿ ಉಳಿಸಿಕೊಳ್ಳಿರಿ.
- ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಗೂಡುಮರದ ಸುತ್ತ ಮರ ಕಪಾತು, ಪಟಾಕಿ ಮತ್ತು ಬೆಂಕಿಯನ್ನು ತಪ್ಪಿಸಿರಿ. ಮನೆ ಅಥವಾ ದಾರಿಗೆ ಅಪಾಯಕಾರಿಯಾದ ಕೊಂಬೆಗಳನ್ನು ಮಳೆ ಇಳಿದ ಮೇಲೆ, ಅಕ್ಟೋಬರ್–ನವೆಂಬರ್‌ನಲ್ಲಿ ಮಾತ್ರ ತೆಗೆಸಿರಿ.
- ಅತ್ತಿ, ಬಸರಿ, ಗೋಣಿ ಮರಗಳ ಹಣ್ಣು ಮಂಗಟ್ಟೆಯ ಮುಖ್ಯ ಆಹಾರ. ಮುಂಗಾರಿನ ಆರಂಭದಲ್ಲಿ ಇವುಗಳ ದಪ್ಪ ಗೂಟಗಳನ್ನು ತೋಟದ ಅಂಚಿನಲ್ಲಿ ನೆಡಬಹುದು. ಬೇರುಗಳು ಬಲವಾಗಿ ಹರಡುವುದರಿಂದ ಮನೆ, ಬಾವಿ ಮತ್ತು ನೀರಿನ ತೊಟ್ಟಿಗಳಿಂದ ದೂರವಿಡಿರಿ.
- ನೆರಳಿಗೆ ಸಿಲ್ವರ್ ಓಕ್ ಒಂದನ್ನೇ ಅವಲಂಬಿಸದೆ ನಾಡಮರಗಳನ್ನೂ ಬೆಳೆಸಿರಿ.
- ಗೂಡನ್ನು ದೂರದಿಂದಲೇ ವೀಕ್ಷಿಸಿರಿ. ಹಕ್ಕಿಯನ್ನು ಕಂಡ ದಿನಾಂಕ, ತಿಂದ ಹಣ್ಣುಗಳನ್ನು ಬರೆದಿಡಿರಿ. ಗೂಡಿನ ನಿಖರ ಸ್ಥಳವನ್ನು ಸಾಮಾಜಿಕ ಜಾಲತಾಣಗಳಲ್ಲಿ ಪ್ರಕಟಿಸಬೇಡಿರಿ.

ವಿಸ್ತರಣಾ ಕಾರ್ಯಕರ್ತರಿಗೆ

ಕೇರಳದ ವಾಳಚ್ಚಾಲ್ ಅರಣ್ಯದಲ್ಲಿ ಕಾಡರ್ ಸಮುದಾಯದವರೇ ಗೂಡುಗಳ ಕಾವಲುಗಾರರಾಗಿದ್ದಾರೆ. ಕಾಡನ್ನು ಬಲ್ಲವರ ತಿಳಿವಳಿಕೆಯನ್ನು ಗೌರವಿಸಿದ್ದೇ ಅಲ್ಲಿನ ಕಾರ್ಯದ ಬುನಾದಿ. ಕರಿಕೆಯಲ್ಲಿಯೂ ಮೊದಲು ರೈತರ ಆತಂಕವನ್ನು ಆಲಿಸಿ, ಬಳಿಕ ಅವರ ಒಪ್ಪಿಗೆಯಿಂದಲೇ ಗೂಡುಮರಗಳ ದಾಖಲೆ ಸಿದ್ಧಪಡಿಸಿರಿ. ಗಾಯಗೊಂಡ ಹಕ್ಕಿ ಅಥವಾ ಬಿದ್ದ ಗೂಡುಮರ ಕಂಡಲ್ಲಿ ವಲಯ ಅರಣ್ಯಾಧಿಕಾರಿಗಳಿಗೆ ತಿಳಿಸಿರಿ. ನಾಡಮರಗಳ ಆಯ್ಕೆಯ ಕುರಿತು ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯವನ್ನು ಸಂಪರ್ಕಿಸಬಹುದು.